‘ಪುಟ್ ಅಪ್ ವಿತ್’: ಇಂಗ್ಲಿಷಿನ ಪುಟ್ಟ ಪದಗಳ ಸಾವಿರ ವರ್ಷದ ಕಥೆ

‘ಪುಟ್’ ಎಂದರೆ ಇಡು. ‘ಅಪ್’ ಎಂದರೆ ಮೇಲೆ. ‘ವಿತ್’ ಎಂದರೆ ಜೊತೆ. ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತಿರುವ ಪದಗಳಿವು. ಆದರೆ ಮೂರನ್ನೂ ಒಂದರ ಪಕ್ಕ ಒಂದಿಟ್ಟು ‘ಪುಟ್ ಅಪ್ ವಿತ್’ ಎಂದರೆ ‘ಜೊತೆಯಲ್ಲಿ ಮೇಲಿಡು’ ಎಂದಾಗುವುದಿಲ್ಲ, ‘ಸಹಿಸಿಕೊಳ್ಳು’ ಎಂದಾಗುತ್ತದೆ. ಅಲ್ಲಿ ಇಡುವ ಕೆಲಸವೂ ಇಲ್ಲ, ಮೇಲೆ ಎಂಬ ದಿಕ್ಕೂ ಇಲ್ಲ, ಜೊತೆಗಾರರೂ ಇಲ್ಲ. ನಿಘಂಟು ತೆರೆದು ಒಂದೊಂದೇ ಪದ ಹುಡುಕಿದವರಿಗೆ ಮೂರು ಅರ್ಥಗಳು ಸಿಗುತ್ತವೆಯೇ ಹೊರತು ಬೇಕಾದ ಒಂದು ಅರ್ಥ ಸಿಗುವುದಿಲ್ಲ.

ಇದು ಎಲ್ಲೋ ಅಪರೂಪಕ್ಕೆ ಎದುರಾಗುವ ವಿಚಿತ್ರವಲ್ಲ. ‘ಲುಕ್’ ಎಂಬ ಸರಳ ಕ್ರಿಯಾಪದವನ್ನೇ ತೆಗೆದುಕೊಳ್ಳಿ. ‘ಲುಕ್ ಆಫ್ಟರ್’ ಎಂದರೆ ಆರೈಕೆ ಮಾಡು. ‘ಲುಕ್ ಇನ್ಟು’ ಎಂದರೆ ವಿಚಾರಣೆ ಮಾಡು. ‘ಲುಕ್ ಅಪ್ ಟು’ ಎಂದರೆ ಗೌರವದಿಂದ ಕಾಣು, ‘ಲುಕ್ ಡೌನ್ ಆನ್’ ಎಂದರೆ ಕೀಳಾಗಿ ಕಾಣು, ‘ಲುಕ್ ಫಾರ್ವರ್ಡ್ ಟು’ ಎಂದರೆ ಸಂತೋಷದಿಂದ ಎದುರು ನೋಡು. ಕ್ರಿಯಾಪದ ಒಂದೇ, ಬೆನ್ನಿಗೆ ಬರುವ ಪುಟ್ಟ ಪದಗಳು ಅದನ್ನು ಎಲ್ಲೆಲ್ಲಿಗೋ ಎಳೆದೊಯ್ಯುತ್ತವೆ. ಇಂಗ್ಲಿಷ್ ವ್ಯಾಕರಣಕಾರರು ಇಂಥ ಜೋಡಣೆಯನ್ನು ‘ಫ್ರೇಸಲ್ ವರ್ಬ್’ ಎನ್ನುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿ, ಪದವಿ ಮುಗಿಸಿ, ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ನಿರಾಯಾಸವಾಗಿ ಓದಬಲ್ಲ ತರುಣ ತರುಣಿಯರು ಸಂದರ್ಶನದ ಕೋಣೆಯಲ್ಲೋ ಹೊಸ ಕಚೇರಿಯ ಮೊದಲ ವಾರದಲ್ಲೋ ಎಡವುವುದು ಹೆಚ್ಚಾಗಿ ಈ ಪುಟ್ಟ ಪದಗಳ ಮೇಲೆಯೇ. ದೊಡ್ಡ ದೊಡ್ಡ ಪದಗಳು ಗೊತ್ತು, ಚಿಕ್ಕವು ಕೈಕೊಡುತ್ತವೆ. ‘ನಮ್ಮ ತಲೆಗೆ ಇಂಗ್ಲಿಷ್ ಹತ್ತುವುದಿಲ್ಲ’ ಎಂಬ ಕೀಳರಿಮೆಯೂ ಇಲ್ಲಿಯೇ ಹುಟ್ಟುತ್ತದೆ. ಆದರೆ ಈ ತೊಡಕಿನ ಮೂಲ ಕಲಿಯುವವರ ತಲೆಯಲ್ಲಿಲ್ಲ. ಅದು ಇಂಗ್ಲೆಂಡಿನ ಸಾವಿರ ವರ್ಷಗಳ ಇತಿಹಾಸದಲ್ಲಿದೆ, ಆ ಭಾಷೆ ನಮ್ಮಲ್ಲಿಗೆ ಬಂದ ದಾರಿಯಲ್ಲಿದೆ.

ಮುಂದಿದ್ದದ್ದು ಹಿಂದಕ್ಕೆ ಬಂತು

ಸಂಸ್ಕೃತ ವ್ಯಾಕರಣ ಹೇಳಿಕೊಡುವವರು ಹಿಂದಿನಿಂದಲೂ ಒಂದು ಉದಾಹರಣೆ ಕೊಡುತ್ತಾರೆ. ‘ಹೃ’ ಧಾತುವಿನಿಂದ ಬಂದ ‘ಹಾರ’ ಎಂಬ ರೂಪದ ಮುಂದೆ ಬೇರೆ ಬೇರೆ ಉಪಸರ್ಗ ಹಚ್ಚಿದರೆ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂದಾಗುತ್ತದೆ. ಊಟಕ್ಕೂ ಹೊಡೆತಕ್ಕೂ ಇರುವ ವ್ಯತ್ಯಾಸವೆಲ್ಲ ಮುಂದಿರುವ ಒಂದು ಅಕ್ಷರದ ಮಹಿಮೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ವೇದಗಳ ಭಾಷೆಯಲ್ಲಿ ಈ ಉಪಸರ್ಗಗಳು ಕ್ರಿಯಾಪದಕ್ಕೆ ಅಂಟಿಕೊಂಡೇ ಇರಬೇಕೆಂದಿರಲಿಲ್ಲ. ಅವು ದೂರ ನಿಲ್ಲಬಹುದಿತ್ತು, ಕ್ರಿಯಾಪದದ ನಂತರವೂ ಬರಬಹುದಿತ್ತು. ಪಾಣಿನಿ ತನ್ನ ಸೂತ್ರಗಳಲ್ಲಿ ಇದನ್ನು ಗುರುತಿಸಿದ್ದಾನೆ. ಮುಂದೆ ಲೌಕಿಕ ಸಂಸ್ಕೃತದಲ್ಲಿ ಅವು ಕ್ರಿಯಾಪದದ ಮುಂದೆ ಗಟ್ಟಿಯಾಗಿ ಅಂಟಿಕೊಂಡವು.

ಇಂಗ್ಲಿಷ್ ಕೂಡ ಅದೇ ದೊಡ್ಡ ಭಾಷಾ ಕುಟುಂಬಕ್ಕೆ ಸೇರಿದ್ದು. ಆದರೆ ಅದು ಹಿಡಿದ ದಾರಿ ಇದಕ್ಕೆ ತದ್ವಿರುದ್ಧ. ಐದನೇ ಶತಮಾನದಿಂದೀಚೆಗೆ ಬ್ರಿಟನ್ನಿನಲ್ಲಿ ನೆಲೆಸಿದ ಆಂಗ್ಲೋ ಸ್ಯಾಕ್ಸನ್ ಜನರ ಹಳೆಯ ಇಂಗ್ಲಿಷಿನಲ್ಲಿ ಪುಟ್ಟ ಪದಗಳು ಹೆಚ್ಚಾಗಿ ಕ್ರಿಯಾಪದದ ಮುಂದೆಯೇ ಇದ್ದವು. ಇಂದಿಗೂ ಉಳಿದಿರುವ ‘ಅಂಡರ್‌ಸ್ಟ್ಯಾಂಡ್’, ‘ಓವರ್‌ಕಮ್’, ‘ವಿತ್‌ಸ್ಟ್ಯಾಂಡ್’, ‘ಫರ್ಗಿವ್’ ಮುಂತಾದವು ಆ ಕಾಲದ ಪಳೆಯುಳಿಕೆಗಳು. ಇಂಗ್ಲಿಷಿನ ಸೋದರ ಭಾಷೆಯಾದ ಜರ್ಮನ್ ಇಂದಿಗೂ ನಡುದಾರಿಯಲ್ಲಿದೆ. ಅಲ್ಲಿ ಪುಟ್ಟ ಪದ ಕೆಲವು ವಾಕ್ಯಗಳಲ್ಲಿ ಕ್ರಿಯಾಪದಕ್ಕೆ ಅಂಟಿಕೊಂಡಿರುತ್ತದೆ, ಕೆಲವು ವಾಕ್ಯಗಳಲ್ಲಿ ಬಿಟ್ಟು ಹೋಗಿ ವಾಕ್ಯದ ತುದಿಯಲ್ಲಿ ಕೂರುತ್ತದೆ.

ಹಳೆಯ ಇಂಗ್ಲಿಷಿಗೆ ಕನ್ನಡದ ಜೊತೆ ಎರಡು ಹೋಲಿಕೆಗಳಿದ್ದವು. ಅದರ ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳಿದ್ದವು. ಉಪವಾಕ್ಯಗಳಲ್ಲಂತೂ ಕ್ರಿಯಾಪದ ಕೊನೆಗೆ ಬರುವುದು ಸಾಮಾನ್ಯವಾಗಿತ್ತು. ಮುಂದಿನ ಕೆಲವು ಶತಮಾನಗಳಲ್ಲಿ ಎರಡೂ ಕರಗಿದವು. ಪದದ ತುದಿಯ ಪ್ರತ್ಯಯಗಳು ಉಚ್ಚಾರಣೆಯಲ್ಲಿ ಸವೆದು ಹೋದವು. ‘ಮನೆಗೆ’, ‘ಮನೆಯಿಂದ’, ‘ಮನೆಯಲ್ಲಿ’ ಎಂಬಲ್ಲಿನ ಗೆ, ಇಂದ, ಅಲ್ಲಿಗಳ ಕೆಲಸವನ್ನು ಟು, ಫ್ರಮ್, ಇನ್ ಎಂಬ ಬಿಡಿ ಪದಗಳು ವಹಿಸಿಕೊಂಡವು. ಕ್ರಿಯಾಪದ ವಾಕ್ಯದ ಕೊನೆಯಿಂದ ಮುಂದಕ್ಕೆ ಸರಿಯಿತು. ಅದರ ಮುಂದಿದ್ದ ಅಪ್, ಔಟ್ ಮೊದಲಾದವು ಇದ್ದಲ್ಲೇ ಉಳಿದು ಹಿಂದೆ ಬಿದ್ದವು. ಹೀಗೆ ಮುಂದಿದ್ದ ಪುಟ್ಟ ಪದ ಹಿಂದಕ್ಕೆ ಬಂತು.

ಈ ಓಡಾಟದಲ್ಲಿ ಪುಟ್ಟ ಪದಗಳ ಅರ್ಥವೂ ಬದಲಾಯಿತು. ಇಂದು ‘ಜೊತೆ’ ಎನ್ನುವ ‘ವಿತ್’ ಹಿಂದೆ ‘ವಿರುದ್ಧ’ ಎಂಬ ಅರ್ಥದ ಪದ. ‘ವಿತ್‌ಸ್ಟ್ಯಾಂಡ್’ ಎಂದರೆ ಜೊತೆ ನಿಲ್ಲು ಎಂದಲ್ಲದೆ ಎದುರಿಸಿ ನಿಲ್ಲು ಎಂದಾಗುವುದು ಇದರಿಂದಲೇ. ಆಗ ‘ಜೊತೆ’ ಎನ್ನಲು ‘ಮಿಡ್’ ಎಂಬ ಬೇರೊಂದು ಪದವಿತ್ತು. ಅದು ಈಗ ಉಳಿದಿರುವುದು ಸೂಲಗಿತ್ತಿಯನ್ನು ಹೇಳುವ ‘ಮಿಡ್‌ವೈಫ್’ ಪದದಲ್ಲಿ. ಹೆರಿಗೆಯ ಹೊತ್ತಿಗೆ ಜೊತೆಗಿರುವ ಹೆಂಗಸು ಎಂದು ಅದರ ಮೂಲಾರ್ಥ.

ಕಡಲು ದಾಟಿ ಬಂದವರು

ಕ್ರಿ.ಶ. 793ರಲ್ಲಿ ಸ್ಕ್ಯಾಂಡಿನೇವಿಯಾದ ವೈಕಿಂಗರು ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್ಫಾರ್ನ್ ಮಠವನ್ನು ಕೊಳ್ಳೆ ಹೊಡೆದರು. ಕೊಳ್ಳೆ ಹೊಡೆಯಲು ಬಂದವರಲ್ಲಿ ಹಲವರು ಒಂಬತ್ತನೇ ಶತಮಾನದ ಉತ್ತರಾರ್ಧದಿಂದ ಅಲ್ಲೇ ನೆಲೆಸಿ ಬೇಸಾಯ ಮಾಡತೊಡಗಿದರು, ಸ್ಥಳೀಯರೊಡನೆ ಮದುವೆ ಸಂಬಂಧ ಬೆಳೆಸಿದರು. ಅವರ ಭಾಷೆಯೂ ಇಂಗ್ಲಿಷೂ ಅಕ್ಕಪಕ್ಕದ ಮನೆಗಳ ಭಾಷೆಗಳಾದವು. ಇಂದಿನ ಇಂಗ್ಲಿಷಿನ ‘ಟೇಕ್’, ‘ಗೆಟ್’, ‘ಕಾಲ್’ ಎಂಬ ಕ್ರಿಯಾಪದಗಳು, ‘ದೇ’, ‘ದೆಮ್’ ಎಂಬ ಸರ್ವನಾಮಗಳು ಹೀಗೆ ಬಂದವು. ಒಂದು ಭಾಷೆ ಇನ್ನೊಂದರಿಂದ ವಸ್ತುಗಳ ಹೆಸರನ್ನು ಪಡೆಯುವುದು ಸಾಮಾನ್ಯ. ‘ಅವರು’ ಎಂಬ ಪದವನ್ನೇ ಪಡೆಯಬೇಕಾದರೆ ಎಷ್ಟು ಹತ್ತಿರದ ಒಡನಾಟ ಇದ್ದಿರಬೇಕು!

ವೈಕಿಂಗರ ಭಾಷೆಯಲ್ಲಿ ಕ್ರಿಯಾಪದದ ನಂತರ ಪುಟ್ಟ ಪದ ಇಡುವ ರೂಢಿ ಬಲವಾಗಿತ್ತು. ಇಂಗ್ಲಿಷಿನಲ್ಲಿ ಆಗಲೇ ಆರಂಭವಾಗಿದ್ದ ಬದಲಾವಣೆಗೆ ಇದು ಒತ್ತಾಸೆಯಾಯಿತು ಎಂಬುದು ಹಲವು ಭಾಷಾತಜ್ಞರ ಅಭಿಪ್ರಾಯ. ಇದಕ್ಕೊಂದು ಲಿಖಿತ ಸಾಕ್ಷಿ ಪೀಟರ್‌ಬರೊ ಮಠದ ವಾರ್ಷಿಕ ದಾಖಲೆಯಲ್ಲಿದೆ. ಡೇನರು ನೆಲೆಸಿದ್ದ ಪ್ರದೇಶದಲ್ಲಿದ್ದ ಈ ಮಠದ ಸನ್ಯಾಸಿಗಳು 1154ರ ವರೆಗೂ ಇಂಗ್ಲಿಷಿನಲ್ಲಿಯೇ ವರ್ಷ ವರ್ಷದ ಘಟನೆಗಳನ್ನು ಬರೆದಿಟ್ಟರು. 1132ರ ದಾಖಲೆಯಲ್ಲಿ, ಮಠಾಧಿಪತಿ ಹೆನ್ರಿ ಎಂಬಾತ ತನ್ನ ಪದವಿಯನ್ನು ಬಿಟ್ಟುಕೊಟ್ಟು ದೇಶದಿಂದ ಹೊರಹೋಗುವಂತೆ ದೊರೆ ಮಾಡಿದ ಎಂಬ ಸುದ್ದಿಯಿದೆ. ಅಲ್ಲಿ ‘ಬಿಟ್ಟುಕೊಡು’ ಎನ್ನುವುದಕ್ಕೆ ಬಳಸಿರುವುದು ಇಂದಿನ ‘ಗಿವ್ ಅಪ್’ ಎಂಬುದರ ಹಳೆಯ ರೂಪ. ಸುಮಾರು 900 ವರ್ಷಗಳಿಂದ ಈ ಜೋಡಿ ಒಟ್ಟಿಗೆ ಬಾಳಿದೆ.

ಎರಡು ಅಂತಸ್ತಿನ ಮನೆ

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅರಮನೆ, ನ್ಯಾಯಾಲಯ, ಕಂದಾಯದ ವ್ಯವಹಾರ ಎಲ್ಲದರಲ್ಲೂ ಫ್ರೆಂಚ್ ಮತ್ತು ಲ್ಯಾಟಿನ್ ಮೆರೆದವು. ಹೊಲ, ಅಡುಗೆಮನೆ, ಸಂತೆಗಳಲ್ಲಿ ಇಂಗ್ಲಿಷ್ ಉಳಿಯಿತು. ನ್ಯಾಯಾಲಯದ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಕಾನೂನು ಬರಲು 1362ರ ವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿನೊಳಗೆ ಬಂದಿದ್ದವು. ಹದಿನಾರನೇ ಶತಮಾನದ ಹೊತ್ತಿಗೆ ವಿದ್ವಾಂಸರು ಲ್ಯಾಟಿನ್ನಿನಿಂದ ನೇರವಾಗಿಯೂ ಪದಗಳನ್ನು ತಂದರು.

ಪರಿಣಾಮವಾಗಿ ಇಂಗ್ಲಿಷ್ ಎರಡು ಅಂತಸ್ತಿನ ಮನೆಯಂತಾಯಿತು. ಕೆಳಗಿನ ಅಂತಸ್ತಿನಲ್ಲಿ ‘ಗೋ ಇನ್’, ಮಹಡಿಯಲ್ಲಿ ‘ಎಂಟರ್’. ಕೆಳಗೆ ‘ಪುಟ್ ಔಟ್’, ಮೇಲೆ ‘ಎಕ್ಸ್‌ಟಿಂಗ್ವಿಶ್’. ಕೆಳಗೆ ‘ಫೈಂಡ್ ಔಟ್’, ಮೇಲೆ ‘ಡಿಸ್ಕವರ್’. ಕೆಳಗೆ ‘ಪುಟ್ ಆಫ್’, ಮೇಲೆ ‘ಪೋಸ್ಟ್‌ಪೋನ್’. ಕೆಳಗೆ ‘ಪುಟ್ ಅಪ್ ವಿತ್’, ಮೇಲೆ ‘ಟಾಲರೇಟ್’. ಕನ್ನಡದಲ್ಲಿ ‘ಹೊರಟು ಹೋದರು’ ಎನ್ನುವುದಕ್ಕೂ ‘ನಿರ್ಗಮಿಸಿದರು’ ಎನ್ನುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ಒಂದು ಮನೆಮಾತು, ಇನ್ನೊಂದು ಸಭೆಯ ಮಾತು.

ಮಹಡಿಯ ಪದಗಳೂ ಮೂಲದಲ್ಲಿ ಬೇರೆಯಲ್ಲ. ‘ಇನ್‌ಸ್ಪೆಕ್ಟ್’ ಎಂಬ ಲ್ಯಾಟಿನ್ ಮೂಲದ ಪದವನ್ನು ಬಿಡಿಸಿದರೆ ಸಿಗುವುದು ‘ಒಳಗೆ ನೋಡು’, ಅಂದರೆ ‘ಲುಕ್ ಇನ್ಟು’. ‘ಪೋಸ್ಟ್‌ಪೋನ್’ ಎಂದರೆ ‘ನಂತರಕ್ಕೆ ಇಡು’. ಲ್ಯಾಟಿನ್ನಿನಲ್ಲಿ ಪುಟ್ಟ ಪದ ಸಂಸ್ಕೃತದಂತೆ ಮುಂದೆ ಅಂಟಿಕೊಂಡು ಕಾಣದಂತಾಗಿದೆ. ಇಂಗ್ಲಿಷಿನಲ್ಲಿ ಹಿಂದೆ ಬಂದು ಬಿಡಿಯಾಗಿ ಉಳಿದಿದೆ. ವ್ಯತ್ಯಾಸ ಇಷ್ಟೇ. ಆದರೆ ಒಂದಕ್ಕೆ ಪಾಂಡಿತ್ಯದ ಗೌರವ ಸಿಕ್ಕಿತು, ಇನ್ನೊಂದಕ್ಕೆ ಬೀದಿಯ ಬಳಕೆ ಉಳಿಯಿತು.

ಪಂಡಿತರ ಮುನಿಸು

ಹದಿನೇಳನೇ ಶತಮಾನದ ಲೇಖಕರಿಗೆ ಈ ಪುಟ್ಟ ಪದಗಳ ಬಗ್ಗೆ ಮುಜುಗರ ಶುರುವಾಯಿತು. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರುವುದು ದೋಷ ಎಂದು ಕವಿ ಜಾನ್ ಡ್ರೈಡನ್ 1672ರಲ್ಲಿ ಆಕ್ಷೇಪ ಎತ್ತಿದ. ಅಷ್ಟಕ್ಕೇ ಬಿಡದೆ, 1668ರಲ್ಲಿ ತಾನೇ ಪ್ರಕಟಿಸಿದ್ದ ನಾಟಕ ಕಲೆಯ ಕುರಿತ ಪ್ರಬಂಧವನ್ನು 1684ರ ಆವೃತ್ತಿಗೆ ತಿದ್ದುವಾಗ ಅಂಥ ವಾಕ್ಯಗಳನ್ನು ಹುಡುಕಿ ಹುಡುಕಿ ಸರಿಪಡಿಸಿದ. ಲ್ಯಾಟಿನ್ನಿನಲ್ಲಿ ಹಾಗೆ ಬರೆಯಲು ಬರುವುದಿಲ್ಲವಲ್ಲ!

1762ರಲ್ಲಿ ವ್ಯಾಕರಣ ಬರೆದ ಪಾದ್ರಿ ರಾಬರ್ಟ್ ಲೌತ್ ಸ್ವಲ್ಪ ಮೃದುವಾಗಿದ್ದ. ಮಾತಿನಲ್ಲಿ ಹೀಗೆ ಬರುವುದು ಸಹಜ, ಗಂಭೀರ ಬರಹದಲ್ಲಿ ತಪ್ಪಿಸಿದರೆ ಚೆನ್ನ ಎಂಬುದು ಅವನ ಸಲಹೆ. ತಮಾಷೆಯೆಂದರೆ, ಈ ರೂಢಿಯತ್ತ ನಮ್ಮ ಭಾಷೆಗೆ ಒಲವು ಹೆಚ್ಚು ಎಂದು ಹೇಳುವ ಅವನ ವಾಕ್ಯದಲ್ಲೇ ಆ ರೂಢಿ ನುಸುಳಿದೆ. ಅವನ ನಂತರದ ಶಾಲಾ ಮೇಷ್ಟ್ರುಗಳು ಸಲಹೆಯನ್ನು ನಿಷೇಧವಾಗಿಸಿದರು.

ಸಮಸ್ಯೆಯನ್ನು ಕಲಿಯುವವರ ಕಡೆಯಿಂದ ನೋಡಿದವನು ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್. 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿ, ಪರದೇಶದವರಿಗೆ ಇಂಗ್ಲಿಷಿನಲ್ಲಿ ಅತಿ ಕಷ್ಟವಾಗುವುದು ಕ್ರಿಯಾಪದಕ್ಕೆ ಪುಟ್ಟ ಪದ ಸೇರಿದಾಗ ಎಂದು ಆತ ಗುರುತಿಸಿದ. ಅಂಥವನ್ನು ಶ್ರಮ ವಹಿಸಿ ಸಂಗ್ರಹಿಸಿದ. ಅವನ ಪಟ್ಟಿಯಲ್ಲಿ ‘ಟೇಕ್ ಆಫ್’ ಕೂಡ ಇದೆ. ಆದರೆ ಅವನು ಕೊಡುವ ಅರ್ಥ ‘ನಕಲು ಮಾಡು’ ಎಂದು. ವಿಮಾನ ಹುಟ್ಟಲು ಇನ್ನೂ ಒಂದೂವರೆ ಶತಮಾನ ಬಾಕಿಯಿತ್ತು.

ಇಷ್ಟಾದರೂ ಈ ವರ್ಗಕ್ಕೆ ಒಂದು ನಿಶ್ಚಿತ ಹೆಸರಿರಲಿಲ್ಲ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಬರೆದ ನುಡಿಗಟ್ಟುಗಳ ಕುರಿತ ಪುಸ್ತಕದಿಂದ. ಈ ಹೆಸರನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾಗಿದ್ದ ಹೆನ್ರಿ ಬ್ರಾಡ್ಲಿ ಎಂದು ಸ್ಮಿತ್ ತಿಳಿಸಿದ್ದಾರೆ. ಐದು ವರ್ಷಗಳ ನಂತರ, 1930ರಲ್ಲಿ, ಸಿ.ಕೆ. ಆಗ್ಡನ್ ಎಂಬ ವಿದ್ವಾಂಸರು ಪ್ರಪಂಚಕ್ಕೆಲ್ಲ ಸುಲಭವಾಗಲೆಂದು ಕೇವಲ 850 ಪದಗಳ ‘ಬೇಸಿಕ್ ಇಂಗ್ಲಿಷ್’ ರೂಪಿಸಿದರು. ಅದರಲ್ಲಿ ಕ್ರಿಯಾಪದಗಳು 18 ಮಾತ್ರ. ಉಳಿದ ಕೆಲಸವನ್ನೆಲ್ಲ ಗೆಟ್, ಪುಟ್, ಗೋ, ಟೇಕ್‌ಗಳಿಗೆ ಪುಟ್ಟ ಪದ ಸೇರಿಸಿ ಮಾಡಬೇಕಿತ್ತು. ಪದಗಳ ಲೆಕ್ಕ ಇಳಿಯಿತು, ಕಲಿಯುವ ಭಾರ ಇಳಿಯಲಿಲ್ಲ. 18 ಕ್ರಿಯಾಪದ ಕಲಿತವನು ಅವುಗಳ ನೂರಾರು ಜೋಡಣೆಗಳನ್ನು ಬೇರೆಯಾಗಿ ಕಲಿಯಲೇಬೇಕಾಗುತ್ತಿತ್ತು.

ವಾಕ್ಯದೊಳಗೆ ನಡೆಯುವುದೇನು?

ಇಂಗ್ಲಿಷ್ ಮಾತಾಡುವವರು ಈ ಪದಗಳನ್ನು ಮನಸ್ಸಿಗೆ ಬಂದಂತೆ ಜೋಡಿಸುವುದಿಲ್ಲ. ಒಳಗೊಂದು ವ್ಯವಸ್ಥೆಯಿದೆ. ಮುಖ್ಯವಾಗಿ ತಿಳಿಯಬೇಕಾದ್ದು, ಪುಟ್ಟ ಪದಗಳಿಗೆ ಎರಡು ಬಗೆಯ ನಂಟಿದೆ ಎಂಬುದು. ಒಂದು ಕ್ರಿಯಾಪದದ ಜೊತೆಗಿನ ನಂಟು, ಇನ್ನೊಂದು ನಾಮಪದದ ಜೊತೆಗಿನ ನಂಟು.

‘ರನ್ ಅಪ್ ಎ ಹಿಲ್’ ಎಂದರೆ ಗುಡ್ಡ ಹತ್ತಿ ಓಡು. ‘ರನ್ ಅಪ್ ಎ ಬಿಲ್’ ಎಂದರೆ ಅಂಗಡಿಯ ಸಾಲ ಬೆಳೆಸು. ಕಣ್ಣಿಗೆ ಎರಡೂ ಒಂದೇ. ಆದರೆ ಮೊದಲನೆಯದರಲ್ಲಿ ‘ಅಪ್’ ಗುಡ್ಡಕ್ಕೆ ಸೇರಿದ್ದು, ಓಟದ ದಿಕ್ಕು ಹೇಳುತ್ತದೆ. ಎರಡನೆಯದರಲ್ಲಿ ‘ಅಪ್’ ಓಟಕ್ಕೇ ಅಂಟಿಕೊಂಡು ಅದರ ಅರ್ಥವನ್ನೇ ಬದಲಿಸಿದೆ. ಇದನ್ನು ಪತ್ತೆ ಹಚ್ಚಲು ಒಂದು ಸುಲಭ ಪರೀಕ್ಷೆ ‘ಇಟ್’ ಎಂಬ ಸರ್ವನಾಮ. ನಿಘಂಟಿನಲ್ಲಿ ಹುಡುಕು ಎನ್ನಲು ‘ಲುಕ್ ಇಟ್ ಅಪ್’ ಎನ್ನುತ್ತಾರೆ. ‘ಅಪ್’ ಕ್ರಿಯಾಪದದ ಸಂಗಾತಿಯಾದ್ದರಿಂದ ಸರ್ವನಾಮ ನಡುವೆ ನುಸುಳಬಲ್ಲದು. ನೋಡಿಕೊ ಎನ್ನಲು ಮಾತ್ರ ‘ಲುಕ್ ಆಫ್ಟರ್ ಇಟ್’ ಎನ್ನಬೇಕು. ‘ಆಫ್ಟರ್’ ನಾಮಪದದ ಕೈ ಹಿಡಿದಿರುವುದರಿಂದ ಅದನ್ನು ಬಿಟ್ಟು ದೂರ ಹೋಗುವಂತಿಲ್ಲ.

ಮೂರು ಪದಗಳ ಜೋಡಣೆಯಲ್ಲಿ ಎರಡೂ ನಂಟುಗಳು ಒಟ್ಟಿಗೆ ಇರುತ್ತವೆ. ‘ಪುಟ್ ಅಪ್ ವಿತ್’ನಲ್ಲಿ ‘ಪುಟ್ ಅಪ್’ ಎಂಬುದು ಕ್ರಿಯೆ. ‘ವಿತ್’ ಎಂಬುದು ಸಹಿಸಬೇಕಾದ ವಸ್ತುವಿಗೆ ಹಾಕಿದ ಕೊಂಡಿ. ‘ರನ್ ಔಟ್ ಆಫ್ ಶುಗರ್’ ಎಂದರೆ ಸಕ್ಕರೆ ಮುಗಿದುಹೋಗು. ‘ರನ್ ಔಟ್’ ಮುಗಿಯುವ ಕ್ರಿಯೆ, ‘ಆಫ್’ ಸಕ್ಕರೆಗೆ ಕೊಂಡಿ. ‘ಕೀಪ್ ಅಪ್ ವಿತ್’, ‘ಗೆಟ್ ಆನ್ ವಿತ್’, ‘ಕಟ್ ಡೌನ್ ಆನ್’ ಎಲ್ಲವೂ ಹೀಗೆಯೇ. ಕೊನೆಯ ಪದವನ್ನು ಕನ್ನಡದ ವಿಭಕ್ತಿ ಪ್ರತ್ಯಯದಂತೆ ಭಾವಿಸಿದರೆ ಅರ್ಧ ಗೊಂದಲ ಕಳೆಯುತ್ತದೆ. ‘ಲುಕ್ ಫಾರ್ವರ್ಡ್ ಟು ಸೀ ಯು’ ಎಂದು ಬರೆದು ತಪ್ಪುವವರು ಅನೇಕರು. ಅಲ್ಲಿನ ‘ಟು’ ನಾಮಪದವನ್ನು ಬೇಡುವ ಕೊಂಡಿಯಾದ್ದರಿಂದ ಅದರ ಮುಂದೆ ‘ಸೀಯಿಂಗ್’ ಬರಬೇಕು. ‘ನೋಡಲು’ ಅಲ್ಲ, ‘ನೋಡುವುದಕ್ಕೆ’.

ಒಂದು ‘ಅಟ್’ ಉಂಟುಮಾಡಿದ ಗೊಂದಲ

ಸಣ್ಣ ಪದಗಳ ಗೊಂದಲ ಪರೀಕ್ಷೆಯ ಅಂಕಗಳಿಗಷ್ಟೇ ಸಂಬಂಧಿಸಿದ್ದಲ್ಲ. 1977ರ ಮಾರ್ಚ್ 27ರಂದು ಸ್ಪೇನಿನ ಕ್ಯಾನರಿ ದ್ವೀಪಗಳ ಟೆನೆರೀಫ್‌ನಲ್ಲಿ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾಗಿ 583 ಮಂದಿ ಸತ್ತರು. ದಟ್ಟ ಮಂಜು ಕವಿದಿತ್ತು. ಡಚ್ ವಿಮಾನ ಹಾರಾಟದ ಅನುಮತಿ ಸಿಗುವ ಮೊದಲೇ ಓಡತೊಡಗಿತ್ತು. ಅದೇ ರನ್‌ವೇಯಲ್ಲಿ ಅಮೆರಿಕದ ವಿಮಾನ ಇನ್ನೂ ಸಾಗುತ್ತಿತ್ತು. ಆ ಗಳಿಗೆಯಲ್ಲಿ ಡಚ್ ಸಹ ಪೈಲಟ್ ರೇಡಿಯೋದಲ್ಲಿ ಹೇಳಿದ ಮಾತು ‘ವಿ ಆರ್ ನೌ ಅಟ್ ಟೇಕ್ ಆಫ್’ ಎಂದು ದಾಖಲಾಗಿದೆ. ಹಾರಾಟಕ್ಕೆ ಸಿದ್ಧರಾಗಿ ನಿಂತಿದ್ದಾರೆ ಎಂದು ನಿಯಂತ್ರಣ ಗೋಪುರದವರು ತಿಳಿದರು. ಹಾರುತ್ತಿದ್ದೇವೆ ಎಂಬುದು ಹೇಳಿದವರ ಇಂಗಿತವಾಗಿತ್ತು. ನಡೆಯುತ್ತಿರುವ ಕೆಲಸವನ್ನು ಹೇಳಲು ‘ಅಟ್’ಗೆ ಸಮೀಪದ ಪದವೊಂದನ್ನು ಬಳಸುವ ರೂಢಿ ಡಚ್ ಭಾಷೆಯಲ್ಲಿದೆ, ಅದೇ ಇಂಗ್ಲಿಷಿಗೂ ಇಳಿದಿರಬಹುದು ಎಂಬ ವಿವರಣೆಯುಂಟು. ಅಪಘಾತಕ್ಕೆ ಮಂಜು, ಅವಸರ, ರೇಡಿಯೋ ಅಡಚಣೆ ಹೀಗೆ ಹಲವು ಕಾರಣಗಳಿದ್ದವು. ಅವುಗಳಲ್ಲಿ ಈ ಮಾತೂ ಒಂದು. ಅನಂತರ ವಿಮಾನಯಾನದ ಭಾಷೆಯನ್ನೇ ಬಿಗಿಗೊಳಿಸಲಾಯಿತು. ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ‘ಟೇಕ್ ಆಫ್’ ಎನ್ನಬೇಕು. ಉಳಿದೆಡೆ ‘ಡಿಪಾರ್ಚರ್’ ಎಂದೇ ಹೇಳಬೇಕು.

1990ರ ಜನವರಿ 25ರಂದು ಕೊಲಂಬಿಯಾದ ವಿಮಾನವೊಂದು ನ್ಯೂಯಾರ್ಕ್ ಬಳಿ ಇಂಧನವಿಲ್ಲದೆ ಬಿದ್ದು 73 ಮಂದಿ ಸತ್ತರು. ಇಳಿಯುವ ಮೊದಲ ಯತ್ನ ವಿಫಲವಾದ ಮೇಲೆ ಸಹ ಪೈಲಟ್ ನಿಯಂತ್ರಕರಿಗೆ ಹೇಳಿದ್ದು ‘ರನ್ನಿಂಗ್ ಔಟ್ ಆಫ್ ಫ್ಯೂಯೆಲ್’ ಎಂದು. ಇಂಧನ ಮುಗಿಯುತ್ತಿದೆ ಎಂಬುದು ವ್ಯಾಕರಣಕ್ಕೆ ಸರಿಯಾದ, ದಿನಬಳಕೆಯ ವಾಕ್ಯವೇ. ಆದರೆ ಎಷ್ಟು ಹೊತ್ತಿನಲ್ಲಿ ಮುಗಿಯುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ‘ಎಮರ್ಜೆನ್ಸಿ’ ಎಂಬ ನಿಯಮಬದ್ಧ ಪದ ಬರಲೇ ಇಲ್ಲ. ಇಂಧನದ ಸ್ಥಿತಿ ತಿಳಿಸಲು ಎಲ್ಲರಿಗೂ ಒಂದೇ ಅರ್ಥ ಕೊಡುವ ಪದಗಳಿಲ್ಲದಿದ್ದುದನ್ನೂ ಅಮೆರಿಕದ ತನಿಖಾ ಮಂಡಳಿ ಕಾರಣಗಳಲ್ಲಿ ಸೇರಿಸಿತು. ಮನೆಮಾತಿನ ಸಡಿಲತನ ಮನೆಯಲ್ಲಿ ಹಿತ, ಆಕಾಶದಲ್ಲಿ ಅಪಾಯ.

ಮಹಡಿಯಿಂದ ಬಂದ ಇಂಗ್ಲಿಷ್

ಕರ್ನಾಟಕಕ್ಕೆ, ಒಟ್ಟಾರೆ ಭಾರತಕ್ಕೆ, ಇಂಗ್ಲಿಷ್ ಬಂದದ್ದು ಅಡುಗೆಮನೆಯ ಬಾಗಿಲಿನಿಂದಲ್ಲ, ಕಚೇರಿಯ ಬಾಗಿಲಿನಿಂದ. 1835ರ ಮೆಕಾಲೆಯ ಟಿಪ್ಪಣಿಯ ನಂತರ ಸರ್ಕಾರಿ ಶಿಕ್ಷಣದಲ್ಲಿ ಇಂಗ್ಲಿಷ್ ತಳವೂರಿತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು. ವಿದ್ಯಾರ್ಥಿಗಳು ಓದಿದ್ದು ಪ್ರೌಢ ಗದ್ಯ, ಕಾವ್ಯ, ಕಾನೂನು. ಬರೆದದ್ದು ಅರ್ಜಿ, ವರದಿ, ಟಿಪ್ಪಣಿ. ಅಂದರೆ ನಮಗೆ ಸಿಕ್ಕಿದ್ದು ಮಹಡಿಯ ಇಂಗ್ಲಿಷ್. ಇಲ್ಲೊಂದು ವಿಪರ್ಯಾಸವಿದೆ. ಇದೇ ಮೆಕಾಲೆ 1831ರಲ್ಲಿ ಜಾನ್ಸನ್ ಕುರಿತು ಬರೆಯುತ್ತ, ಈತ ಸರಳ ಇಂಗ್ಲಿಷಿನಲ್ಲಿ ಯೋಚಿಸಿ ಬಳಿಕ ಅದನ್ನು ಪಂಡಿತರ ಭಾಷೆಗೆ ಅನುವಾದಿಸುತ್ತಾನೆ ಎಂಬರ್ಥದಲ್ಲಿ ಹಾಸ್ಯ ಮಾಡಿದ್ದ. ಅವನ ಟಿಪ್ಪಣಿಯ ಫಲವಾಗಿ ಭಾರತದ ಕಚೇರಿಗಳಲ್ಲಿ ನೆಲೆಯೂರಿದ್ದು ಬಹುಮಟ್ಟಿಗೆ ಅಂಥ ಪಂಡಿತರ ಭಾಷೆಯೇ.

1930ರ ದಶಕದಿಂದ ಹಲವು ತಲೆಮಾರುಗಳ ಕೈಯಲ್ಲಿದ್ದ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಪುಸ್ತಕದಲ್ಲಿ ಯಾವ ಪದದ ಮುಂದೆ ಯಾವ ಪ್ರಿಪೊಸಿಷನ್ ಎಂಬ ಉದ್ದನೆಯ ಪಟ್ಟಿಯಿದೆ. ಮಗ್ಗಿಯಂತೆ ಬಾಯಿಪಾಠ ಮಾಡಿದವರು ಪರೀಕ್ಷೆ ಗೆದ್ದರು. ಆದರೆ ಪುಟ್ಟ ಪದಗಳು ಬಾಯಿಗೆ ಹತ್ತುವುದು ಪಟ್ಟಿಯಿಂದಲ್ಲ, ಮಾತಿನಿಂದ. ಮಾತೇ ಇಲ್ಲದಲ್ಲಿ ಕಲಿಯುವವರು ತಮಗೆ ಗೊತ್ತಿದ್ದ ತರ್ಕವನ್ನು ಬಳಸಿದರು. ‘ಡಿಸ್ಕಸ್ ಅಬೌಟ್’ ಎನ್ನುವವರು ‘ಅದರ ಬಗ್ಗೆ ಚರ್ಚಿಸು’ ಎಂಬ ಕನ್ನಡವನ್ನೇ ಹೇಳುತ್ತಿದ್ದಾರೆ. ‘ಕೋಪ್ ಅಪ್ ವಿತ್’ ಎನ್ನುವವರು ‘ಪುಟ್ ಅಪ್ ವಿತ್’, ‘ಕೀಪ್ ಅಪ್ ವಿತ್’ಗಳ ಸಾಲಿಗೆ ಇನ್ನೊಂದನ್ನು ಸೇರಿಸುತ್ತಿದ್ದಾರೆ. ಇವು ಪರೀಕ್ಷಕರ ಕೆಂಪು ಶಾಯಿಗೆ ತಪ್ಪುಗಳು. ಆದರೆ ತರ್ಕವಿಲ್ಲದ ತಪ್ಪುಗಳಲ್ಲ.

ನಿಜವಾದ ತೊಂದರೆ ಬರುವುದು ಎರಡು ಭಾಷೆಗಳ ದಿಕ್ಕುಗಳು ಢಿಕ್ಕಿ ಹೊಡೆದಾಗ. ಕನ್ನಡದಲ್ಲಿ ಪರೀಕ್ಷೆ ‘ಮುಂದಕ್ಕೆ ಹೋಯಿತು’ ಎಂದರೆ ತಡವಾಗಿ ನಡೆಯುತ್ತದೆ ಎಂದರ್ಥ. ಇಂಗ್ಲಿಷಿನಲ್ಲಿ ದಿನಾಂಕ ‘ಬ್ರಾಟ್ ಫಾರ್ವರ್ಡ್’ ಆಗಿದೆ ಎಂದರೆ ಮೊದಲೇ ನಡೆಯುತ್ತದೆ ಎಂದರ್ಥ! ಪದಶಃ ಅರ್ಥ ಮಾಡಿಕೊಂಡ ವಿದ್ಯಾರ್ಥಿ ನಿಶ್ಚಿಂತೆಯಿಂದ ಮನೆಯಲ್ಲಿದ್ದು ಪರೀಕ್ಷೆಯನ್ನೇ ತಪ್ಪಿಸಿಕೊಳ್ಳಬಹುದು. ಭಾರತದ ಇಂಗ್ಲಿಷಿನಲ್ಲಿ ‘ಪ್ರಿಪೋನ್’ ಎಂಬ ಪದ ಬೇರೂರಿದ್ದು ಏಕೆಂಬುದು ಇದರಿಂದ ತಿಳಿಯುತ್ತದೆ. ‘ಪೋಸ್ಟ್‌ಪೋನ್’ಗೆ ಎದುರಾಗಿ ನಿಂತ ಈ ಪದದಲ್ಲಿ ದಿಕ್ಕಿನ ಗೊಂದಲವಿಲ್ಲ.

ಇನ್ನೊಂದೆಡೆ ಕನ್ನಡಿಗರು ಈ ಜೋಡಣೆಗಳನ್ನು ಇಡಿಯಾಗಿ ನುಂಗಿ ಅರಗಿಸಿಕೊಂಡಿದ್ದೂ ಉಂಟು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು ಫೈಲನ್ನು ಸಾಹೇಬರಿಗೆ ‘ಪುಟ್ ಅಪ್’ ಮಾಡುತ್ತಾರೆ. ಪೊಲೀಸ್ ಠಾಣೆಗೆ ‘ಲಾಕಪ್’ ಇದೆ, ಕಾರ್ಖಾನೆಗೆ ‘ಲಾಕೌಟ್’ ಬರುತ್ತದೆ, ಆಸ್ಪತ್ರೆಯಲ್ಲಿ ‘ಚೆಕಪ್’ ಆಗುತ್ತದೆ. ಬೆಂಗಳೂರಿನಲ್ಲಿ ‘ಲೇಔಟ್’ ಎಂದರೆ ನಿವೇಶನಗಳ ಬಡಾವಣೆ. ನಾಟಕ ಮಂಡಳಿಯಿಂದ ಮದುವೆ ಮನೆಯವರೆಗೆ ‘ಮೇಕಪ್’ ಎಲ್ಲರಿಗೂ ಗೊತ್ತು. ಎರಡು ಪದ ಒಂದಾಗಿ, ಕನ್ನಡದ ‘ಮಾಡು’, ‘ಆಗು’ಗಳ ಹೆಗಲೇರಿ ಸಲೀಸಾಗಿ ಓಡಾಡುತ್ತಿವೆ. ಇವುಗಳಲ್ಲಿ ಯಾವುದನ್ನೂ ಯಾರೂ ಪಟ್ಟಿ ಹಿಡಿದು ಕಲಿಯಲಿಲ್ಲ.

ಮನೆಯಲ್ಲೇ ಇರುವ ಬೀಗದ ಕೈ

ಕನ್ನಡಕ್ಕೆ ತನ್ನದೇ ಆದ ಉಪಸರ್ಗಗಳಿಲ್ಲ. ಆ ಕೆಲಸವನ್ನು ಅದು ಕ್ರಿಯಾಪದದ ಬೆನ್ನಿಗೆ ಇನ್ನೊಂದು ಕ್ರಿಯಾಪದ ಹಚ್ಚಿ ಮಾಡುತ್ತದೆ. ‘ಹೇಳು’ ಎಂಬುದೊಂದೇ ಪದ. ‘ಹೇಳಿಕೊಡು’ ಎಂದರೆ ಕಲಿಸು, ‘ಹೇಳಿಕೊಳ್ಳು’ ಎಂದರೆ ಕಷ್ಟ ತೋಡಿಕೊಳ್ಳು, ‘ಹೇಳಿಕಳಿಸು’ ಎಂದರೆ ಬರಲು ಸುದ್ದಿ ಮುಟ್ಟಿಸು. ‘ಬಿಟ್ಟುಕೊಡು’ ಎಂಬಲ್ಲಿ ಕೈಗೆ ಏನನ್ನೂ ಕೊಡುವುದಿಲ್ಲ. ‘ಸಹಿಸಿಕೊಳ್ಳು’ ಎಂಬಲ್ಲಿ ಸಂತೆಯಿಂದ ಏನನ್ನೂ ಕೊಳ್ಳುವುದಿಲ್ಲ. ಇಂಗ್ಲಿಷರು ‘ಈಟ್ ಅಪ್’, ‘ಬರ್ನ್ ಅಪ್’ ಎಂದು ‘ಅಪ್’ ಸೇರಿಸಿ ಕೆಲಸ ಪೂರ್ತಿಯಾದುದನ್ನು ಸೂಚಿಸುವಂತೆ, ಕನ್ನಡಿಗರು ‘ತಿಂದುಹಾಕು’, ‘ಸುಟ್ಟುಬಿಡು’ ಎನ್ನುತ್ತಾರೆ. ‘ಲುಕ್ ಆಫ್ಟರ್’ಗೆ ‘ನೋಡಿಕೊಳ್ಳು’ ಎಂಬುದು ಎಷ್ಟು ಹತ್ತಿರ! ಎರಡೂ ಭಾಷೆಗಳು ‘ನೋಡು’ ಎಂಬಲ್ಲಿಂದ ಹೊರಟು, ಒಂದು ಚಿಕ್ಕ ಪದದ ನೆರವಿನಿಂದ ಆರೈಕೆಯನ್ನು ಮುಟ್ಟಿವೆ.

ಮೂರು ಪದಗಳ ಜೋಡಣೆಗೂ ಇಲ್ಲಿ ಸಾಟಿಯಿದೆ. ‘ನೆರೆಹೊರೆಯವರ ಜೊತೆ ಹೊಂದಿಕೊಂಡು ಹೋಗು’ ಎಂದು ಹಿರಿಯರು ಹೇಳುತ್ತಾರೆ. ಹೊಂದು, ಕೊಳ್ಳು, ಹೋಗು ಎಂಬ ಮೂರು ಕ್ರಿಯಾಪದ, ನೆರೆಹೊರೆಯವರಿಗೆ ಕೊಂಡಿಯಾಗಿ ‘ಜೊತೆ’. ಇಂಗ್ಲಿಷಿನ ‘ಗೆಟ್ ಆನ್ ವಿತ್’ ಹೇಳುವುದೂ ಇದನ್ನೇ, ಕೊಂಡಿಯ ಪದವೂ ಅದೇ ‘ಜೊತೆ’. ಹೊರರಾಜ್ಯದಿಂದ ಬಂದು ಕನ್ನಡ ಕಲಿಯುತ್ತಿರುವವರಿಗೆ ‘ಹೊಂದಿಕೊಂಡು ಹೋಗು’ ಎಂಬುದು, ಕನ್ನಡಿಗರಿಗೆ ‘ಪುಟ್ ಅಪ್ ವಿತ್’ ಇರುವಷ್ಟೇ ಒಗಟು. ‘ಹೋಗು’ ಎಂದರೆ ಎಲ್ಲಿಗೆ ಎಂದು ಅವರು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಹಾಗಾಗಿ ತರಗತಿಯಲ್ಲಿ ಬೇಕಾಗಿರುವುದು ಇನ್ನಷ್ಟು ಉದ್ದದ ಪಟ್ಟಿಯಲ್ಲ. ‘ಲುಕ್’ ಎಂಬ ಪದದ ಮುಂದೆ ಹತ್ತು ಪುಟ್ಟ ಪದ ಬರೆದು ಬಾಯಿಪಾಠ ಮಾಡಿಸುವ ಬದಲು, ‘ನೋಡಿಕೊಳ್ಳು’, ‘ಎದುರು ನೋಡು’, ‘ಕೀಳಾಗಿ ನೋಡು’ ಎಂದು ಮಕ್ಕಳೇ ಹೇಳುವ ವಾಕ್ಯಗಳಿಂದ ಆರಂಭಿಸಿ, ಅಲ್ಲಿಂದ ಇಂಗ್ಲಿಷಿನ ವಾಕ್ಯಕ್ಕೆ ಹೋಗಬಹುದು. ಜೋಡಣೆಯನ್ನು ಒಂದೇ ಪದವೆಂದು ಭಾವಿಸುವುದು, ಕೊನೆಯ ಪ್ರಿಪೊಸಿಷನ್ ಯಾವ ನಾಮಪದದ ಕೈ ಹಿಡಿದಿದೆ ಎಂದು ನೋಡುವುದು, ಇಡೀ ವಾಕ್ಯವನ್ನೇ ನೆನಪಿಡುವುದು: ಕನ್ನಡದ ಮಗು ತನ್ನ ತಾಯಿಯ ಮಾತಿನಲ್ಲಿ ‘ಕೊಳ್ಳು’, ‘ಬಿಡು’, ‘ಹಾಕು’ಗಳನ್ನು ಕಲಿತದ್ದು ಹೀಗೆಯೇ, ಯಾವ ವ್ಯಾಕರಣವನ್ನೂ ಓದದೆ. ಶಾಲೆಗೆ ಬರುವ ಹೊತ್ತಿಗೆ ಆ ವಿದ್ಯೆ ಅದರ ಬಳಿ ಇದ್ದೇ ಇರುತ್ತದೆ. ಅದನ್ನು ಇಂಗ್ಲಿಷ್ ತರಗತಿಯ ಬಾಗಿಲ ಹೊರಗೆ ಬಿಟ್ಟು ಬಾ ಎನ್ನದಿದ್ದರೆ ಸಾಕು.